ಬಿಲ್ಲಿಗೂ ಶ್ರುತಿ ಮಾಡಬೇಕು



2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಧೀರಜ್ ಬೊಮ್ಮದೇವರ–ಅಂಕಿತಾ ಭಕತ್ ಜೋಡಿ ನಾಲ್ಕನೇ ಸ್ಥಾನಕ್ಕೆ ನಿಂತಾಗ ನಿಮ್ಮ ಮನೆಯಲ್ಲೂ ‘ಛೇ’ ಅಂದಿರುತ್ತೀರಿ. ಅವರ ಗುರಿ 70 ಮೀಟರ್ ದೂರ. ಹತ್ತು ಅಂಕದ ವೃತ್ತದ ಅಗಲ 12.2 ಸೆಂ.ಮೀ., ಹೆಚ್ಚುಕಡಿಮೆ ಒಂದು ಸಿ.ಡಿ.ಯಷ್ಟು!

ಬಿಲ್ಲು ಕಲಿಯುವ ಮಗು ನಿಮ್ಮ ಮನೆಯಲ್ಲಿದ್ದರೆ ಒಂದು ಮಾತು. ಬಾಣಗಳು ಚೆಲ್ಲಾಪಿಲ್ಲಿಯಾದರೆ ‘ಗಮನ ಇಲ್ಲ’ ಎಂದು ಗದರುತ್ತೇವೆ, ಇಲ್ಲವೇ ದುಬಾರಿ ಬಿಲ್ಲು ಕೊಡಿಸಲು ಹೊರಡುತ್ತೇವೆ. ತಪ್ಪು ಎಷ್ಟೋ ಸಲ ಹೊಂದಾಣಿಕೆಯಲ್ಲಿರುತ್ತದೆ.

ಹೆದೆ ಬಿಟ್ಟೊಡನೆ ಬಾಣ ನೆಟ್ಟಗೆ ಹೋಗುವುದಿಲ್ಲ. ಮೀನಿನಂತೆ ಬಳುಕುತ್ತಾ ಬಿಲ್ಲನ್ನು ದಾಟುತ್ತದೆ. ಎಷ್ಟು ಬಳುಕಬೇಕೆಂಬುದು ಬಿಲ್ಲಿನ ಬಲಕ್ಕೆ ತಕ್ಕ ಹಾಗೆ. ಅಣ್ಣನ ಬಿಲ್ಲಿಗೆ ಹೊಂದಿದ ಬಾಣ ತಂಗಿಯ ಹಗುರ ಬಿಲ್ಲಿಗೆ ಗಡುಸಾದೀತು. ಒಂದೇ ಬತ್ತಳಿಕೆ ಹಂಚಿಕೊಳ್ಳುವ ಮಕ್ಕಳ ಕಷ್ಟ ಇದೇ.

ಮೊದಲು ಹೆದೆ. ಹಿಡಿಗೂ ಹೆದೆಗೂ ನಡುವಿನ ಅಂತರ 68 ಇಂಚಿನ ರಿಕರ್ವ್ ಬಿಲ್ಲಿನಲ್ಲಿ ಸುಮಾರು ಎಂಟೂವರೆ–ಒಂಬತ್ತು ಇಂಚು. ಹೆದೆ ಕಳಚಿ ನಾಲ್ಕು ಸುತ್ತು ಹುರಿ ಏರಿಸಿದರೆ ಅದು ಗಿಡ್ಡವಾಗಿ ಅಂತರ ಹೆಚ್ಚುತ್ತದೆ. ಮತ್ತೆ ಕಟ್ಟಿ, ಬಾಣ ಬಿಟ್ಟು, ಕಿವಿಗೊಡಿ. ಬಿಲ್ಲು ಅತಿ ಕಡಿಮೆ ಸದ್ದು ಮಾಡುವ ಅಳತೆಯೇ ಸಾಮಾನ್ಯವಾಗಿ ಸರಿ. ತಂಬೂರಿಯ ಬಿರಡೆ ತಿರುಗಿಸಿದಂತೆ ಇದೂ ಕಿವಿಯ ಕೆಲಸ. (ನಮ್ಮಂಥವರಿಗೆ ಹೇಳಿ ಮಾಡಿಸಿದ್ದು!) ಆದರೆ ನಾದ ಕೇಳಲೆಂದು ಬಾಣವಿಲ್ಲದೆ ಹೆದೆ ಬಿಡಬೇಡಿ, ಬಿಲ್ಲೇ ಸೀಳಬಹುದು.

ಆಮೇಲೆ ಬೋಳು ಬಾಣದ ಪರೀಕ್ಷೆ. ಹದಿನೆಂಟು ಮೀಟರಿನಿಂದ ಮೂರು ಗರಿ ಇರುವ ಬಾಣ, ಎರಡು ಗರಿ ಕಿತ್ತ ಬಾಣ ಬಿಡಿ. ಗರಿ ತಪ್ಪನ್ನು ತಿದ್ದುತ್ತದೆ, ಬೋಳು ಬಾಣ ಬಯಲು ಮಾಡುತ್ತದೆ. ಅದು ಗರಿಯ ಬಾಣಗಳಿಗಿಂತ ಮೇಲೆ ನಾಟಿದರೆ, ಹೆದೆಯಲ್ಲಿ ಬಾಣ ಸಿಕ್ಕಿಸುವ ಗುರುತನ್ನು ತುಸು ಮೇಲೇರಿಸಿ. ಕೆಳಗೆ ನಾಟಿದರೆ ಇಳಿಸಿ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಹೋದರೆ ಬಾಣ ಗಡುಸು, ಬಲಕ್ಕಾದರೆ ಮೆದು. ಸ್ವಲ್ಪ ವ್ಯತ್ಯಾಸವಿದ್ದರೆ ಬಿಲ್ಲಿನ ಪಕ್ಕದ ಪ್ಲಂಜರ್ ಎಂಬ ಸ್ಪ್ರಿಂಗ್ ಗುಂಡಿ ಸಾಕು: ಗಡುಸಿಗೆ ಸಡಿಲಿಸಿ, ಮೆದುವಿಗೆ ಬಿಗಿಗೊಳಿಸಿ. ತೀರಾ ದೂರ ಹೋದರೆ ಬಾಣವನ್ನೇ ಬದಲಿಸಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ. ಕೋಚ್ ಜೊತೆಗಿದ್ದರೆ ಒಳ್ಳೆಯದು. ಬಾಣಗಳು ಒಂದಿಷ್ಟಾದರೂ ಗುಂಪಾಗಿ ಬೀಳುವವರೆಗೆ ಈ ಪರೀಕ್ಷೆಗೆ ಅರ್ಥವಿಲ್ಲ. ಹೊಸ ಹೆದೆ ಮೊದಲ ದಿನಗಳಲ್ಲಿ ಹಿಗ್ಗುತ್ತದೆ, ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.