ಅಮೆರಿಕದ ಫುಟ್‌ಬಾಲೂ ಸ್ಪ್ಯಾನಿಷ್ ಬಾನುಲಿಯೂ

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಲಿನಿಂದ ಒದೆಯುವ ದುಂಡು ಚೆಂಡು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆ ಹೆಸರಿನ ಆಟವೇ ಬೇರೆ. ಅಲ್ಲಿಯ ಚೆಂಡು ಎರಡು ತುದಿಗಳಲ್ಲೂ ಚೂಪಾದುದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಅಪರೂಪವಾಗಿ ಒದೆಯುತ್ತಾರೆ. ಒಂದೊಂದು ಕಡೆಗೆ ಹನ್ನೊಂದು ಮಂದಿ. ಅಂಗಣದ ಉದ್ದ 100 ಗಜ. ಚೆಂಡುಳ್ಳ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ 6 ಅಂಕ. ಕಂಬಗಳ ನಡುವೆ ಒದ್ದು ಕಳುಹಿಸಿದರೆ 3 ಅಂಕ.

ಈ ಆಟ ಬೆಳೆದದ್ದು ಇಂಗ್ಲಿಷಿನಲ್ಲಿ. ಆದರೆ ಆ ದೇಶದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತನಾಡುವವರ ಸಂಖ್ಯೆ 4 ಕೋಟಿಗೂ ಹೆಚ್ಚು. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊಗಳಿಂದ ಬಂದವರು ಅವರಲ್ಲಿ ಅನೇಕರು. 1848ರಲ್ಲಿ ಮೆಕ್ಸಿಕೋದ ಗಡಿ ಸರಿದಾಗ ತಾವಿದ್ದ ನೆಲದಲ್ಲಿಯೇ ಇದ್ದು ಅಮೆರಿಕದವರಾದವರ ವಂಶಜರೂ ಉಂಟು. ಇವರೆಲ್ಲರಿಗಾಗಿ ಡಲ್ಲಾಸ್, ಅರಿಜೋನಾ, ಫಿಲಡೆಲ್ಫಿಯಾ ಮೊದಲಾದ ವೃತ್ತಿಪರ ತಂಡಗಳ ಪಂದ್ಯಗಳನ್ನು ಸ್ಪ್ಯಾನಿಷಿನಲ್ಲಿ ಬಾನುಲಿಯ ಮೂಲಕ ಬಿತ್ತರಿಸುವ ಏರ್ಪಾಡು ಬೆಳೆದುಬಂದಿದೆ.

ಈ ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರು ಕೂರುತ್ತಾರೆ. ಒಬ್ಬನು ಕಂಡದ್ದನ್ನು ಕಂಡಂತೆ ನುಡಿಯುವವನು, ಇನ್ನೊಬ್ಬನು ಅದರ ಅರ್ಥವನ್ನು ಬಿಡಿಸುವವನು. ಒಂದು ಯತ್ನ ಮುಗಿಯುವುದು ಕೆಲವೇ ಕ್ಷಣಗಳಲ್ಲಿ. ಮುಂದಿನದು ಆರಂಭವಾಗಲು 40 ಸೆಕೆಂಡುಗಳವರೆಗೆ ಅವಕಾಶವಿದೆ. ಆ ಬಿಡುವಿನಲ್ಲಿ ಚೆಂಡು ಎಲ್ಲಿದೆ, ಎಷ್ಟನೆಯ ಯತ್ನ, ಇನ್ನೆಷ್ಟು ಗಜ ಬೇಕು ಎಂಬುದನ್ನೆಲ್ಲ ಕೇಳುಗನ ಮನಸ್ಸಿನಲ್ಲಿ ಚಿತ್ರಿಸಬೇಕು. ನಿಘಂಟು ತೆರೆದು ನೋಡಲು ಪುರುಸೊತ್ತಿಲ್ಲ. ಪದವು ನಾಲಗೆಯ ತುದಿಯಲ್ಲೇ ಇರಬೇಕು.

ಹಾಗಾದರೆ ಆ ಪದಗಳು ಎಲ್ಲಿಂದ ಬಂದುವು? ಮೆಕ್ಸಿಕೋದ ವಿಶ್ವವಿದ್ಯಾನಿಲಯಗಳಲ್ಲಿ ಈ ಆಟ ಬಹು ದಶಕಗಳಿಂದ ನಡೆದುಬಂದಿದೆ. ಅಲ್ಲಿ ಬಳಕೆಯಾಗಿ ಪಳಗಿದ ಮಾತುಗಳು ಇಲ್ಲಿಯೂ ಉಪಯೋಗಕ್ಕೆ ಬಂದುವು. ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಪ್ಯಾನಿಷಿನಲ್ಲಿ ‘ಮಾರಿಸ್ಕಾಲ್ ದೆ ಕಾಂಪೊ’, ಎಂದರೆ ಫೀಲ್ಡ್ ಮಾರ್ಷಲ್. ನಮ್ಮ ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಸಂದ ಪದವಿಯ ಹೆಸರೇ ಅದು! ಗೆರೆಗೆರೆಯ ಅಂಗಣಕ್ಕೆ ‘ಎಂಪಾರ್ರಿಯಾದೊ’ ಎಂದು ಹೆಸರು. ಮಾಂಸ ಸುಡುವ ಕಬ್ಬಿಣದ ಜಾಲರಿಯ ಹೋಲಿಕೆಯಿಂದ ಹುಟ್ಟಿದ ಮಾತು. ಹೊಸ ನಾಲ್ಕು ಯತ್ನಗಳು ದೊರೆತರೆ ‘ಪ್ರಿಮೆರೊ ಇ ದಿಯೆಸ್’, ‘ಮೊದಲನೆಯದು, ಇನ್ನು ಹತ್ತು’ ಎಂದು. ಟಚ್‌ಡೌನ್‌ಗೆ ‘ಅನೊತಾಸಿಯೊನ್’ ಎಂಬ ಮಾತಿದ್ದರೂ ಇಂಗ್ಲಿಷ್ ಪದವನ್ನೇ ಕೂಗುವುದೂ ಉಂಟು. ಕ್ಯೂಬಾದವನೂ ಮೆಕ್ಸಿಕೋದವನೂ ಒಂದೇ ವಸ್ತುವನ್ನು ಬೇರೆ ಬೇರೆ ಹೆಸರಿನಿಂದ ಕರೆಯಬಹುದು. ಇಬ್ಬರಿಗೂ ತಿಳಿಯುವಂತೆ ನುಡಿಯುವುದೇ ವಿವರಣೆಗಾರನ ಜಾಣ್ಮೆ.

ಇಂಥವರಲ್ಲಿ ರೊಲಾಂಡೊ ಕಾಂಟೂ ಅವರ ಬಾಳು ಗಮನಾರ್ಹವಾದುದು. ಮೆಕ್ಸಿಕೋದ ಮಾಂಟೆರ್ರೇ ನಗರದ ಈ ಆಟಗಾರ ಅರಿಜೋನಾ ಕಾರ್ಡಿನಲ್ಸ್ ತಂಡವನ್ನು ಸೇರಿದರು. ಆಟ ಬಿಟ್ಟ ಮೇಲೆ ಅದೇ ತಂಡದ ಸ್ಪ್ಯಾನಿಷ್ ಬಾನುಲಿಯಲ್ಲಿ ಆಟದ ಒಳಮರ್ಮಗಳನ್ನು ಬಿಡಿಸಿ ಹೇಳುವವರಾದರು. ಆ ತಂಡವೇ 2005ರ ಅಕ್ಟೋಬರ್ 2ರಂದು ಮೆಕ್ಸಿಕೋ ನಗರದ ಅಸ್ತೇಕಾ ಕ್ರೀಡಾಂಗಣದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು 31–14ರಿಂದ ಸೋಲಿಸಿತು. ಅಂದು ನೆರೆದ ಜನ 1,03,467. ಈ ಲೀಗಿನ ಋತುವಿನ ಪಂದ್ಯವೊಂದು ಅಮೆರಿಕದ ಹೊರಗೆ ನಡೆದದ್ದು ಅದೇ ಮೊದಲು. ಫಿಲಡೆಲ್ಫಿಯಾ ಈಗಲ್ಸ್ ತಂಡ 2018ರ ಫೆಬ್ರವರಿ 4ರಂದು 41–33ರಿಂದ ಗೆದ್ದು ತನ್ನ ಮೊದಲ ಸೂಪರ್ ಬೌಲ್ ಪಡೆದಾಗ, ರಿಕಿ ರಿಕಾರ್ಡೊ ಅವರು ಆ ಗೆಲುವನ್ನು ಸ್ಪ್ಯಾನಿಷಿನಲ್ಲಿ ಸಾರಿದರು.

ಈ ದೂರದ ವಿಷಯವನ್ನು ಆರಿಸಿಕೊಂಡದ್ದೇಕೆಂದು ವಾಚಕರು ಕೇಳಬಹುದು. ನನ್ನ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಚಿಕ್ಕವನಾಗಿದ್ದಾಗ ಅವರು ಹೊಲದಿಂದ ಬಂದು ಜಗಲಿಯ ಮೇಲೆ ಕುಳಿತು ಆಕಾಶವಾಣಿಯ ಕ್ರಿಕೆಟ್ ಕೇಳುತ್ತಿದ್ದರು. ವಿವರಣೆ ಒಮ್ಮೆ ಹಿಂದಿ, ಒಮ್ಮೆ ಇಂಗ್ಲಿಷ್. ಅವರು ಎರಡನ್ನೂ ಅರಿಯರು. ಜನ ಹೋ ಎಂದು ಕೂಗಿದೊಡನೆ ನನ್ನ ಕಡೆ ತಿರುಗಿ, “ಈಗ್ಯಾಕ್ ಕೂಗಿದ್ರು ಮಗಾ?” ಎನ್ನುವರು. ನಾನು ನನಗೆ ತಿಳಿದ ಅಲ್ಪಸ್ವಲ್ಪ ಇಂಗ್ಲಿಷಿನಿಂದ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಚೆಂಡು ಬಿದ್ದಾಗಿರುತ್ತಿತ್ತು. ಅವರ ಸಂತೋಷ ಯಾವಾಗಲೂ ಒಂದು ಚೆಂಡು ಹಿಂದೆ. ತಿಳಿಯದೆ ಹೋದಾಗ ನಾನು ಏನನ್ನಾದರೂ ಕಟ್ಟಿ ಹೇಳಿದ್ದೂ ಉಂಟು. ಅವರು ಅದನ್ನೂ ನಂಬಿ ನಕ್ಕರು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಟೆಕ್ಸಾಸಿನ ತೋಟದ ಕೆಲಸಗಾರನೊಬ್ಬನು ಭಾನುವಾರ ಬಾನುಲಿಯ ಮುಂದೆ ಕುಳಿತಾಗ ತನ್ನ ಮಗನ ಮುಖ ನೋಡಬೇಕಾಗಿಲ್ಲ. ಜನ ಕೂಗಿದಾಗ ಅವನೂ ಕೂಗಬಲ್ಲ. ಪರನಾಡಿನ ಆಟವನ್ನು ಹೇಳಲು ನಮ್ಮ ನುಡಿಗೆ ಶಕ್ತಿಯಿಲ್ಲವೆನ್ನುವವರು ಈ ಉದಾಹರಣೆಯನ್ನು ನೋಡಬೇಕು. ಪದಗಳು ಮೊದಲು ಸಿದ್ಧವಾಗಿ, ಆಮೇಲೆ ಮಾತು ಹುಟ್ಟುವುದಿಲ್ಲ. ಕೇಳುವ ಕಿವಿಗಳು ಇವೆಯೆಂದು ಬಗೆದು ಯಾರಾದರೊಬ್ಬರು ಮಾತನಾಡತೊಡಗಿದರೆ ಪದಗಳು ತಾವಾಗಿಯೇ ಒದಗುತ್ತವೆ. ‘ದಾಂಡಿಗ’ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದದ್ದೂ ಹಾಗೆಯೇ ಅಲ್ಲವೆ?