ಗೋಧಿಯಿಲ್ಲದೆ, ಸಕ್ಕರೆಯಿಲ್ಲದೆ ಹಬ್ಬದ ಸಿಹಿ: ಬಾಳೆಹಣ್ಣಿನ ತಿಂಡಿಗಳು

ಡಿಸೆಂಬರ್ ತಿಂಗಳು ಸಮೀಪಿಸುತ್ತಿದ್ದಂತೆ ಕರಾವಳಿಯ ಕ್ರೈಸ್ತ ಕುಟುಂಬಗಳ ಅಡುಗೆಮನೆಗಳಲ್ಲಿ ಕುಸ್ವಾರಿನ ಸಿದ್ಧತೆ ಆರಂಭವಾಗುತ್ತದೆ. ನೆವ್ರ್ಯೊ, ಕಿಡಿಯೊ, ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡುಗಳನ್ನು ತಟ್ಟೆಯಲ್ಲಿ ಜೋಡಿಸಿ, ಜಾತಿಮತಗಳ ಭೇದವೆಣಿಸದೆ ನೆರೆಮನೆಗಳಿಗೆ ಹಂಚುವುದು ಹಿರಿಯರು ನಮಗೆ ಬಿಟ್ಟುಹೋದ ಸುಂದರ ಸಂಪ್ರದಾಯ. ಹಂಚಿ ತಿನ್ನುವುದೇ ಈ ತಟ್ಟೆಯ ಅರ್ಥ. ಆದರೆ ಇಂದು ಅದೇ ತಟ್ಟೆಯ ಮುಂದೆ ಕೈಕಟ್ಟಿ ಕುಳಿತುಕೊಳ್ಳಬೇಕಾದವರು ಅನೇಕ ಮನೆಗಳಲ್ಲಿದ್ದಾರೆ. ಗೋಧಿ ಒಗ್ಗದ ಮಗುವಿಗೆ ಮೈದಾದ ನೆವ್ರಿ ನಿಷಿದ್ಧ. ಸಕ್ಕರೆಯನ್ನು ಕಡಿಮೆ ಮಾಡಬೇಕೆಂದು ವೈದ್ಯರು ಸೂಚಿಸಿದವರಿಗೆ ಪಾಕದಲ್ಲಿ ಅದ್ದಿದ ಕಿಡಿಯೊ ದೂರ. “ನಿನಗೆ ಇದು ಬೇಡ” ಎಂಬ ಮಾತನ್ನು ಹಬ್ಬದ ದಿನವೇ ಮಗುವೊಂದು ಹತ್ತು ಬಾರಿ ಕೇಳುವಂತಾಗುವುದು ಬೇಸರದ ಸಂಗತಿಯೇ ಸರಿ.

ನಮ್ಮ ಹಿತ್ತಿಲಿನಲ್ಲಿಯೇ ಬೆಳೆಯುವ ಬಾಳೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲದು. ಕಾಯಿಯಾಗಿದ್ದಾಗ ಅದು ಹಿಟ್ಟು, ಹಣ್ಣಾದಾಗ ಸಕ್ಕರೆ. ಧಾನ್ಯದ ಕಾಳೊಂದನ್ನೂ ಬಳಸದೆ, ಸಕ್ಕರೆಯ ಡಬ್ಬಿಯನ್ನು ತೆರೆಯದೆ, ಬಾಳೆಯೊಂದರಿಂದಲೇ ಸಿಹಿತಿಂಡಿಗಳನ್ನು ಹೇಗೆ ಸಿದ್ಧಪಡಿಸಬಹುದು ಮತ್ತು ಅವು ಯಾರಿಗೆ ಎಷ್ಟರಮಟ್ಟಿಗೆ ಹಿತ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಾಳೆಹಣ್ಣು ಔಷಧವೆಂದು ಭಾವಿಸಿದ ಕಾಲ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಸೀಲಿಯಾಕ್ ರೋಗವಿರುವವರು ಇದನ್ನು ಸೇವಿಸಿದಾಗ ಸಣ್ಣಕರುಳಿನ ಒಳಪದರಕ್ಕೆ ಹಾನಿಯಾಗಿ, ಆಹಾರದ ಸಾರವನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಮಕ್ಕಳಲ್ಲಿ ಹೊಟ್ಟೆಯುಬ್ಬರ, ಭೇದಿ, ರಕ್ತಹೀನತೆ, ಬೆಳವಣಿಗೆಯ ಕುಂಠಿತ ಇದರ ಲಕ್ಷಣಗಳು. ಕಾರಣ ತಿಳಿಯದಿದ್ದ ಕಾಲದಲ್ಲಿ ಈ ರೋಗದಿಂದ ಎಷ್ಟೋ ಮಕ್ಕಳು ಅಸುನೀಗುತ್ತಿದ್ದರು.

1924ರಲ್ಲಿ ಅಮೆರಿಕದ ಮಕ್ಕಳ ತಜ್ಞ ಸಿಡ್ನಿ ಹಾಸ್ ಎಂಬವರು ಇಂತಹ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯವನ್ನು ನೀಡಿ ಗುಣ ಕಂಡ ಬಗ್ಗೆ ಪ್ರಕಟಿಸಿದರು. ಆ ಪಥ್ಯದಲ್ಲಿ ರೊಟ್ಟಿ, ಧಾನ್ಯ, ಆಲೂಗಡ್ಡೆಗಳಿಗೆ ಸ್ಥಾನವಿರಲಿಲ್ಲ. ಬಾಳೆಹಣ್ಣು ಮಾತ್ರ ಧಾರಾಳವಾಗಿತ್ತು. ಸೊರಗಿದ್ದ ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣಿನಲ್ಲಿಯೇ ರೋಗ ನೀಗುವ ಗುಣವಿದೆಯೆಂದು ಲೋಕ ನಂಬಿತು. ದಶಕಗಳ ಕಾಲ ಈ ಪಥ್ಯವೇ ಚಿಕಿತ್ಸೆಯಾಗಿ ನಡೆಯಿತು.

ನಿಜವಾದ ಕಾರಣವನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಆ ದೇಶದಲ್ಲಿ ಭೀಕರ ಕ್ಷಾಮ ತಲೆದೋರಿ ರೊಟ್ಟಿ ದುರ್ಲಭವಾಯಿತು. ಇತರರೆಲ್ಲ ಹಸಿವಿನಿಂದ ನರಳುತ್ತಿದ್ದಾಗ ಸೀಲಿಯಾಕ್ ರೋಗದ ಮಕ್ಕಳು ಸುಧಾರಿಸಿದರು. ರೊಟ್ಟಿ ಮರಳಿ ದೊರೆತೊಡನೆ ಮತ್ತೆ ಅಸ್ವಸ್ಥರಾದರು. ಗೋಧಿಯ ಬಗ್ಗೆ ಮೊದಲೇ ಸಂಶಯ ತಾಳಿದ್ದ ಡಿಕ್ಕೆಯವರು 1950ರ ತಮ್ಮ ಪ್ರಬಂಧದಲ್ಲಿ ಅದೇ ಅಪರಾಧಿಯೆಂದು ಸ್ಥಾಪಿಸಿದರು.

ಹೀಗೆ ಮಕ್ಕಳನ್ನು ಉಳಿಸಿದ್ದು ಬಾಳೆಹಣ್ಣಿನ ಪವಾಡವಲ್ಲ, ಗೋಧಿಯ ಗೈರುಹಾಜರಿ. ಬಾಳೆಹಣ್ಣು ಮಾಡಿದ ಉಪಕಾರವೆಂದರೆ ಗೋಧಿ ತೆರವು ಮಾಡಿದ ಸ್ಥಾನವನ್ನು ತುಂಬಿ ಮಕ್ಕಳ ಹಸಿವನ್ನು ತಣಿಸಿದ್ದು. ನಮ್ಮ ಅಡುಗೆಮನೆಗೂ ಈ ಪಾಠ ಅನ್ವಯಿಸುತ್ತದೆ. ಬಾಳೆಹಣ್ಣಿನ ತಿಂಡಿ ಯಾವ ರೋಗಕ್ಕೂ ಮದ್ದಲ್ಲ. ತಿನ್ನಲಾಗದವರಿಗೆ ತಿನ್ನಬಹುದಾದ ಒಂದು ತುತ್ತು, ಅಷ್ಟೆ. ಆ ಒಂದು ತುತ್ತಿನ ಬೆಲೆ ಕಡಿಮೆಯದೇನೂ ಅಲ್ಲ.

ಗೋಧಿ ಒಗ್ಗದ ಕ್ರೈಸ್ತ ವಿಶ್ವಾಸಿಗಳಿಗೆ ಪರಮಪ್ರಸಾದದ ಕುರಿತೂ ಪ್ರಶ್ನೆ ಏಳುವುದು ಸಹಜ. ಗೋಧಿಯ ಅಂಶವೇ ಇಲ್ಲದ ರೊಟ್ಟಿ ಬಲಿಪೂಜೆಗೆ ಸಲ್ಲದಾದರೂ, ಗ್ಲುಟೆನ್ ಅತಿ ಕಡಿಮೆಯಿರುವ ರೊಟ್ಟಿಯನ್ನು ಬಳಸಬಹುದೆಂದೂ, ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದೆಂದೂ ವ್ಯಾಟಿಕನ್ 2003ರಲ್ಲಿ ಸ್ಪಷ್ಟಪಡಿಸಿದೆ. ಕಡಿಮೆ ಗ್ಲುಟೆನ್‌ನ ರೊಟ್ಟಿಯ ವಿಷಯವನ್ನು 2017ರಲ್ಲಿ ಪುನರುಚ್ಚರಿಸಿದೆ. ಇಂತಹ ಕುಟುಂಬದವರು ತಮ್ಮ ಧರ್ಮಕೇಂದ್ರದ ಗುರುಗಳಿಗೆ ಮುಂಚಿತವಾಗಿ ತಿಳಿಸುವುದು ಒಳಿತು.

ಕಾಯಿಯಲ್ಲಿ ಪಿಷ್ಟ, ಹಣ್ಣಿನಲ್ಲಿ ಸಿಹಿ

ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಐದನೆಯ ಒಂದು ಪಾಲು ಪಿಷ್ಟವಿರುತ್ತದೆ. ಕಾಯಿ ಹಣ್ಣಾಗುವಾಗ ಈ ಪಿಷ್ಟವು ಒಡೆದು ಸಕ್ಕರೆಯಾಗಿ ಮಾರ್ಪಡುತ್ತದೆ. ಸಿಪ್ಪೆ ಹಳದಿಯಾಗಿ, ಮೇಲೆ ಕಂದು ಚುಕ್ಕೆಗಳು ಮೂಡುವ ಹೊತ್ತಿಗೆ ಪಿಷ್ಟ ಬಹುಪಾಲು ಕರಗಿ ಸಿಹಿ ಪೂರ್ಣಗೊಂಡಿರುತ್ತದೆ. ಆದ್ದರಿಂದ ಚುಕ್ಕೆ ಬಿದ್ದ, ಮೆತ್ತಗಾದ ಹಣ್ಣೇ ನಮ್ಮ ತಿಂಡಿಗಳಿಗೆ ಶ್ರೇಷ್ಠ. ಹುಳಿವಾಸನೆ ಬಂದ, ನೀರೊಡೆದ ಹಣ್ಣನ್ನು ಬಳಸಕೂಡದು.

ಬನ್ಸ್ ಮಾಡುವ ಗೃಹಿಣಿಯರಿಗೆ ಕಳಿತ ಹಣ್ಣಿನ ಈ ಗುಣ ಗೊತ್ತೇ ಇದೆ. ಆದರೆ ಬನ್ಸಿಗೆ ಮೈದಾ ಬೇಕು. ಮೈದಾದಲ್ಲಿರುವ ಗ್ಲುಟೆನ್ ಹಿಟ್ಟನ್ನು ಹಿಡಿದಿಡುವ ಅಂಟು. ಅದನ್ನು ಬಿಟ್ಟಾಗ ಮೊಟ್ಟೆ, ಗೇರುಬೀಜದ ಹುಡಿ, ತೆಂಗಿನಕಾಯಿ ಇಲ್ಲವೇ ಬಾಳೆಕಾಯಿ ಹುಡಿ ಆ ಕೆಲಸವನ್ನು ಸ್ವಲ್ಪಮಟ್ಟಿಗೆ ನಿರ್ವಹಿಸುತ್ತವೆ. ಬನ್ಸಿನಂತೆ ಉಬ್ಬುವ ತಿಂಡಿಯನ್ನು ಇವುಗಳಿಂದ ನಿರೀಕ್ಷಿಸಬಾರದು; ಮೃದುವಾದ, ತುಸು ಸಾಂದ್ರವಾದ ತಿಂಡಿಯೇ ಇವುಗಳ ಸ್ವಭಾವ.

ಬಾಳೆಕಾಯಿ ಹುಡಿ ನಮ್ಮ ನಾಡಿಗೆ ಹೊಸದಲ್ಲ. 2021ರಲ್ಲಿ, ಕೊರೋನಾ ಕಾಲದಲ್ಲಿ ಬಾಳೆಯ ಬೆಲೆ ಕುಸಿದಾಗ, ಪತ್ರಕರ್ತ ಶ್ರೀಪಡ್ರೆಯವರ ಪ್ರೋತ್ಸಾಹದಿಂದ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರು “ಬಾಕಾಹು” ಎಂಬ ಚಿಕ್ಕ ಹೆಸರಿನಿಂದ ಇದನ್ನು ಮನೆಮನೆಯಲ್ಲಿ ತಯಾರಿಸತೊಡಗಿದರು. ಆ ವರ್ಷದ ಜುಲೈ ತಿಂಗಳ “ಮನ್ ಕೀ ಬಾತ್” ಕಾರ್ಯಕ್ರಮದಲ್ಲಿ ಪ್ರಧಾನಿಯವರೂ ಇದನ್ನು ಪ್ರಸ್ತಾಪಿಸಿದರು. ವಿಧಾನ ಸುಲಭ. ಬಲಿತ ಕಾಯಿಯ ಸಿಪ್ಪೆ ತೆಗೆದು, ತೆಳುವಾಗಿ ಹೆಚ್ಚಿ, ಕಪ್ಪಾಗದಂತೆ ಉಪ್ಪು ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿ, ಬಸಿದು, ಮುರಿದರೆ ಟಕ್ಕೆನ್ನುವಷ್ಟು ಬಿಸಿಲಿನಲ್ಲಿ ಒಣಗಿಸಿ, ಮನೆಯ ಮಿಕ್ಸಿಯಲ್ಲಿಯೇ ಹುಡಿಮಾಡಿ ಜರಡಿ ಹಿಡಿಯಬೇಕು. ಗಿರಣಿಗೆ ಕೊಂಡೊಯ್ಯಬಾರದು; ಏಕೆಂದರೆ ಅಲ್ಲಿ ಗೋಧಿಯನ್ನೂ ಬೀಸಿರುತ್ತಾರೆ. ಅಕ್ಕಿ, ರಾಗಿಗಳಲ್ಲಿ ಸ್ವಭಾವತಃ ಗ್ಲುಟೆನ್ ಇಲ್ಲದಿದ್ದರೂ ಗಿರಣಿಯಿಂದ ಬಂದ ಹಿಟ್ಟು ಸೀಲಿಯಾಕ್ ರೋಗಿಗಳಿಗೆ ತೊಂದರೆ ಕೊಡಬಹುದಾದುದು ಇದೇ ಕಾರಣದಿಂದ.

ನಾಲ್ಕು ತಿಂಡಿಗಳು

ನೇಂದ್ರ ಬಾಳೆಹಣ್ಣಿನ ಹಲ್ವಾ: ಚೆನ್ನಾಗಿ ಕಳಿತ ನೇಂದ್ರ ಬಾಳೆಹಣ್ಣು 1 ಕಿಲೋ, ತುಪ್ಪ 5 ದೊಡ್ಡ ಚಮಚ, ಏಲಕ್ಕಿ 6, ಗೇರುಬೀಜ ಒಂದು ಹಿಡಿ, ಚಿಟಿಕೆ ಉಪ್ಪು. ಹಣ್ಣನ್ನು ಸಿಪ್ಪೆಸಹಿತ 15 ನಿಮಿಷ ಹಬೆಯಲ್ಲಿ ಬೇಯಿಸಿ, ಸಿಪ್ಪೆಯನ್ನೂ ನಡುವಿನ ಕಪ್ಪು ಬೀಜದ ಎಳೆಯನ್ನೂ ತೆಗೆದು ನುಣ್ಣಗೆ ಕಿವುಚಿರಿ. ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಬಿಸಿಮಾಡಿ, ಹಣ್ಣನ್ನು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿರಿ. ಉಳಿದ ತುಪ್ಪವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿರಿ. ಮುಕ್ಕಾಲು ಗಂಟೆಯ ಹೊತ್ತಿಗೆ ಬಣ್ಣ ಗಾಢವಾಗಿ, ಹಲ್ವಾ ತಳ ಬಿಟ್ಟು ಮುದ್ದೆಯಾಗುತ್ತದೆ. ಏಲಕ್ಕಿ ಹುಡಿ, ಗೇರುಬೀಜ ಸೇರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಬಳಿಕ ತುಂಡು ಮಾಡಿರಿ. ಸಕ್ಕರೆ ಹಾಕಿದ ಹಲ್ವಾದಂತೆ ಇದು ಬಹುದಿನ ಬಾಳದು. ಫ್ರಿಜ್ಜಿನಲ್ಲಿರಿಸಿ ಒಂದು ವಾರದೊಳಗೆ ಮುಗಿಸಬೇಕು. ಸಕ್ಕರೆಯು ಸಿಹಿಗಷ್ಟೇ ಅಲ್ಲದೆ ಕೆಡದಂತೆ ಕಾಯುವುದಕ್ಕೂ ಬಳಕೆಯಾಗುತ್ತಿತ್ತೆಂಬುದು ಇದರ ಕಾರಣ.

ತೆಂಗು-ಗೇರುಬೀಜದ ಬಿಸ್ಕತ್ತು: ಕಿವುಚಿದ ಬಾಳೆಹಣ್ಣು 1 ಲೋಟ, ಒಣ ಕೊಬ್ಬರಿ ತುರಿ 2 ಲೋಟ, ಗೇರುಬೀಜದ ಹುಡಿ 1 ಲೋಟ, ಒಂದು ಮೊಟ್ಟೆಯ ಬಿಳಿ, ಚಿಟಿಕೆ ಉಪ್ಪು, ಏಲಕ್ಕಿ. ಮೊಟ್ಟೆಯ ಬಿಳಿಯನ್ನು ನೊರೆಬರುವಂತೆ ಕಡೆದು, ಉಳಿದ ಸಾಮಗ್ರಿಗಳೊಂದಿಗೆ ಹಗುರವಾಗಿ ಬೆರೆಸಿರಿ. ಚಮಚದಿಂದ ಚಿಕ್ಕ ಗುಪ್ಪೆಗಳಾಗಿ ತಟ್ಟೆಯಲ್ಲಿರಿಸಿ, ಬೆರಳಿನಿಂದ ತುಸು ಅದುಮಿ, 160 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ 25ರಿಂದ 30 ನಿಮಿಷ, ಅಂಚು ಕೆಂಪಗಾಗುವವರೆಗೆ ಬೇಯಿಸಿರಿ. ಬಿಸಿಯಿರುವಾಗ ಮುಟ್ಟಿದರೆ ಪುಡಿಯಾಗುತ್ತವೆ. ಪೂರ್ಣ ಆರಿದ ಮೇಲೆಯೇ ತೆಗೆಯಿರಿ.

ಬಾಳೆಯ ಗುಳಿಯಪ್ಪ: ಬಾಳೆಕಾಯಿ ಹುಡಿ 1 ಲೋಟ, ಕಿವುಚಿದ ಬಾಳೆಹಣ್ಣು 1 ಲೋಟ, ಮೊಟ್ಟೆ 2, ದಪ್ಪ ತೆಂಗಿನ ಹಾಲು ಅರ್ಧ ಲೋಟ, ತೆಂಗಿನಕಾಯಿಯ ಸಣ್ಣ ಚೂರುಗಳು, ಏಲಕ್ಕಿ, ಚಿಟಿಕೆ ಉಪ್ಪು ಮತ್ತು ಸೋಡಾ. ಎಲ್ಲವನ್ನೂ ಕಲಸಿ ಕಾಲು ಗಂಟೆ ಬಿಡಿರಿ. ಬಾಳೆಕಾಯಿ ಹುಡಿ ನೀರನ್ನು ಬಹಳವಾಗಿ ಹೀರುವುದರಿಂದ ಹಿಟ್ಟು ಗಟ್ಟಿಯಾದರೆ ಇನ್ನಷ್ಟು ತೆಂಗಿನ ಹಾಲು ಸೇರಿಸಬಹುದು. ಗುಳಿಯಪ್ಪದ ಕಾವಲಿಗೆ ತೆಂಗಿನೆಣ್ಣೆ ಸವರಿ, ಹಿಟ್ಟನ್ನು ತುಂಬಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿರಿ. ಬಿಸಿಬಿಸಿಯಾಗಿ ತಿಂದರೆ ರುಚಿ ಹೆಚ್ಚು. ಮಕ್ಕಳ ಶಾಲೆಯ ಬುತ್ತಿಗೂ ಯೋಗ್ಯ.

ಸುಕೇಳಿ: ಉತ್ತರ ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿರುವ, ಮಹಾರಾಷ್ಟ್ರದ ವಸಾಯಿಯಲ್ಲಿಯೂ ಹೆಸರಾದ ತಿನಿಸು ಇದು. ಕಳಿತರೂ ಗಟ್ಟಿಯಾಗಿರುವ ಹಣ್ಣನ್ನು ಸುಲಿದು, ಉದ್ದಕ್ಕೆ ಸೀಳಿ, ತೆಳುವಾದ ಬಟ್ಟೆ ಮುಚ್ಚಿ ಬಿಸಿಲಿನಲ್ಲಿ ಐದಾರು ದಿನ ಒಣಗಿಸುವುದಷ್ಟೆ, ರಾತ್ರಿ ಒಳಗಿರಿಸಬೇಕು. ಬೇರೇನನ್ನೂ ಸೇರಿಸುವಂತಿಲ್ಲ. ಬಣ್ಣ ಕಂದಾಗಿ, ಅಂಟುಅಂಟಾಗಿ, ಒಳಗಿನ ಸಿಹಿಯೆಲ್ಲ ಮೇಲೆದ್ದು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿಟ್ಟರೆ ಬಹುದಿನ ಬಾಳುತ್ತದೆ. ಕುಸ್ವಾರಿನ ಮುಂಚಿನ ವಾರಗಳ ಬಿಸಿಲು ಇದಕ್ಕೆ ಪ್ರಶಸ್ತ.

ಅರಿತು ತಿನ್ನೋಣ

ಸಕ್ಕರೆ ಹಾಕಿಲ್ಲವೆಂದಾಕ್ಷಣ ಸಕ್ಕರೆಯೇ ಇಲ್ಲವೆಂದಲ್ಲ. 100 ಗ್ರಾಂ ಕಳಿತ ಬಾಳೆಹಣ್ಣಿನಲ್ಲಿ ಸುಮಾರು 12 ಗ್ರಾಂ, ಅಂದರೆ ಮೂರು ಚಹಾ ಚಮಚದಷ್ಟು ಸಕ್ಕರೆ ಸಹಜವಾಗಿಯೇ ಇದೆ. ಜೊತೆಗೆ ಎರಡೂವರೆ ಗ್ರಾಂನಷ್ಟು ನಾರು, 350 ಮಿಲಿಗ್ರಾಂನಷ್ಟು ಪೊಟಾಸಿಯಂ ಇವೆ. ಬೇಯಿಸಿ ಬತ್ತಿಸಿದ ಹಲ್ವಾದಲ್ಲಿಯೂ ಒಣಗಿಸಿದ ಸುಕೇಳಿಯಲ್ಲಿಯೂ ನೀರು ಕಡಿಮೆಯಾಗಿ ಸಕ್ಕರೆ ಸಾಂದ್ರವಾಗಿರುತ್ತದೆ. ಮಧುಮೇಹಿಗಳು ಇವನ್ನು “ಸಕ್ಕರೆಯಿಲ್ಲದ ಸಿಹಿ” ಎಂದು ಯಥೇಚ್ಛ ತಿನ್ನಲಾಗದು. ಒಂದು ಚಿಕ್ಕ ತುಂಡು, ಅದೂ ದಿನದ ಆಹಾರದ ಲೆಕ್ಕದೊಳಗೇ. ಮೂತ್ರಪಿಂಡದ ಕಾಯಿಲೆಯಿಂದ ಪೊಟಾಸಿಯಂ ಮಿತಿಗೊಳಿಸಬೇಕಾದವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಗೇರುಬೀಜ, ಮೊಟ್ಟೆ ಒಗ್ಗದವರೂ ಇದ್ದಾರೆಂಬುದನ್ನು ಮರೆಯಬಾರದು. ಎಳೆಯ ಮಕ್ಕಳಿಗೆ ಇಡಿಯ ಗೇರುಬೀಜ ಗಂಟಲಿಗೆ ಸಿಲುಕುವ ಅಪಾಯವಿದೆ.

ಮಗುವಿಗೆ ಗೋಧಿ ಒಗ್ಗುವುದಿಲ್ಲವೆಂಬ ಸಂಶಯ ಬಂದಾಗ ಕೆಲವರು ತಾವಾಗಿಯೇ ಗೋಧಿಯನ್ನು ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಿದರೆ ಬಳಿಕ ನಡೆಸುವ ರಕ್ತಪರೀಕ್ಷೆಯಲ್ಲಿ ರೋಗ ಪತ್ತೆಯಾಗದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ರೋಗವಿಲ್ಲದವರು ಧಾನ್ಯಗಳನ್ನು ತೊರೆಯಬೇಕಾದ ಅಗತ್ಯವೂ ಇಲ್ಲ.

ಇನ್ನೊಂದು ಮಾತು ಅಡುಗೆ ಮಾಡುವವರ ಗಮನಕ್ಕೆ. ಸೀಲಿಯಾಕ್ ರೋಗವಿರುವವರಿಗೆ ಮೈದಾದ ಧೂಳೂ ಹಾನಿಕರ. ನೆವ್ರಿ ಕರಿದ ಎಣ್ಣೆಯಲ್ಲಿ ಬಾಳೆಕಾಯಿ ಚಿಪ್ಸನ್ನು ಕರಿಯಬಾರದು; ಮೈದಾ ಲಟ್ಟಿಸಿದ ಮಣೆಯ ಮೇಲೆ ಹಲ್ವಾ ಕೊಯ್ಯಬಾರದು. ಕುಸ್ವಾರಿನ ಕೆಲಸದಲ್ಲಿ ಬಾಳೆಯ ತಿಂಡಿಗಳನ್ನು ಮೊದಲ ದಿನವೇ ಮುಗಿಸಿ, ಡಬ್ಬಿಗೆ ತುಂಬಿ ಮುಚ್ಚಿಟ್ಟು, ಆಮೇಲೆ ಮೈದಾದ ಚೀಲವನ್ನು ಬಿಚ್ಚುವುದು ಜಾಣತನ.

ನೆರೆಮನೆಗಳಿಗೆ ಕುಸ್ವಾರ್ ಕಳುಹಿಸುವಾಗ ಈ ತಿಂಡಿಗಳನ್ನು ಬೇರೆ ಡಬ್ಬಿಯಲ್ಲಿಟ್ಟು, “ಗೋಧಿ ಸೇರಿಲ್ಲ, ಗೇರುಬೀಜ ಮತ್ತು ಮೊಟ್ಟೆ ಇದೆ” ಎಂದು ಚೀಟಿ ಬರೆದಂಟಿಸೋಣ. ಆ ಮನೆಯಲ್ಲಿ ಯಾರಿಗೆ ಏನು ವರ್ಜ್ಯವೆಂದು ನಮಗೆ ತಿಳಿದಿರುವುದಿಲ್ಲ. ಚೀಟಿಯನ್ನು ಓದಿದ ತಾಯಿಯೊಬ್ಬಳು ಮಗುವನ್ನು ಕರೆದು ಧೈರ್ಯವಾಗಿ ತುಂಡೊಂದನ್ನು ಅದರ ಕೈಗಿಡಬಹುದು.