ಹ್ಯಾಂಡಲಿನ ಕೊರಳಿನಲ್ಲಿ ಅಡಗಿರುವ ಗುಂಡುಗಳು

ಅಮೃತಹಳ್ಳಿಯಿಂದ ಬಳ್ಳಾರಿ ರಸ್ತೆಗೆ ಬಂದು ಹೆಬ್ಬಾಳದ ಕಡೆಗೆ ಹೊರಟಾಗಲೆಲ್ಲ ನಮ್ಮ ಹಳೆಯ ಮೋಟಾರು ಸೈಕಲ್ಲು ಒಂದು ವಿಚಿತ್ರವಾದ ಹಟವನ್ನು ತೋರುತ್ತಿದ್ದಿತು. ನೆಟ್ಟಗೆ ಸಾಗುವಾಗ ಹ್ಯಾಂಡಲು ಯಾವುದೋ ಕುಳಿಯಲ್ಲಿ ಕುಳಿತಂತೆ ತಡೆಯುವುದು. ಕೊಂಚ ಬಲ ಹಾಕಿದರೆ ಟಕ್ಕೆಂದು ಬಿಟ್ಟುಕೊಂಡು ಬೇಕಾದುದಕ್ಕಿಂತ ಹೆಚ್ಚಾಗಿ ಹೊರಳುವುದು. ಪಕ್ಕದಲ್ಲಿ ಬಸ್ಸು ಹಾಯುತ್ತಿರುವಾಗ ಹೀಗಾದರೆ ಸವಾರನ ಎದೆ ಝಲ್ಲೆನ್ನುವುದು ಸಹಜವೇ. ಅದೇ ದಿನಗಳಲ್ಲಿ ಹಳೆಯ ಡ್ರಮ್ ಬ್ರೇಕನ್ನೂ ಫೋರ್ಕನ್ನೂ ತೆಗೆಸಿ, ಡಿಸ್ಕ್ ಬ್ರೇಕುಳ್ಳ ಬೇರೊಂದು ಫೋರ್ಕನ್ನು ಹಾಕಿಸಬೇಕೆಂದು ನಾವು ಯೋಚಿಸಿದ್ದೆವು. ಗಾಡಿಯ ಮುಂಭಾಗವನ್ನು ಎತ್ತಿ ನಿಲ್ಲಿಸಿ ಹ್ಯಾಂಡಲನ್ನು ಬೆರಳ ತುದಿಯಿಂದ ಆಡಿಸಿ ನೋಡಿದ ಮೆಕ್ಯಾನಿಕ್ಕರು, “ಮೊದಲು ಕೋನ್ ಸೆಟ್ ಬದಲಾಯಿಸಬೇಕು ಸಾರ್, ಆಮೇಲೆ ಮಿಕ್ಕಿದ್ದು” ಎಂದರು. ಆ ಮಾತಿನ ಹಿಂದಿರುವ ವಿಜ್ಞಾನವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಾಡಿಯ ಚೌಕಟ್ಟಿನ ಮುಂದುಗಡೆ ಒಂದು ದಪ್ಪನೆಯ ಕೊಳವೆಯುಂಟು. ಫೋರ್ಕಿನ ನಡುಗಂಬ ಅದರೊಳಗೆ ಹಾದು ನಿಲ್ಲುತ್ತದೆ. ಕೊಳವೆಯ ಮೇಲಿನ ಬಾಯಲ್ಲಿ ಒಂದು, ಕೆಳಗಿನ ಬಾಯಲ್ಲಿ ಇನ್ನೊಂದು, ಹೀಗೆ ಎರಡು ಬೇರಿಂಗುಗಳಿವೆ. ಹಳೆಯ ಗಾಡಿಗಳಲ್ಲಿ ಇವು ಉಕ್ಕಿನ ಬಟ್ಟಲುಗಳ ನಡುವೆ ಗ್ರೀಸಿನಲ್ಲಿ ಹುದುಗಿಸಿದ ಬಿಡಿ ಗುಂಡುಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961 ರಿಂದ 1996 ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿಗೆ ಈ ಗುಂಡುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ.

ಚಕ್ರದ ಬೇರಿಂಗು ಸದಾ ಸುತ್ತುತ್ತಿರುವುದರಿಂದ ಗ್ರೀಸು ಎಲ್ಲೆಡೆಯೂ ಹರಡುತ್ತದೆ, ಸವೆತವೂ ಸಮನಾಗಿ ಹಂಚಿಹೋಗುತ್ತದೆ. ಹ್ಯಾಂಡಲಿನ ಬೇರಿಂಗಿಗೆ ಆ ಭಾಗ್ಯವಿಲ್ಲ. ನೆಟ್ಟನೆಯ ದಾರಿಯಲ್ಲಿ ಅದು ಒಂದೆರಡು ಡಿಗ್ರಿಗಳಷ್ಟು ಮಾತ್ರ ಅತ್ತಿತ್ತ ಅಲುಗುತ್ತದೆ. ಪ್ರತಿಯೊಂದು ಗುಂಡೂ ಬಟ್ಟಲಿನ ಒಂದೇ ಜಾಗವನ್ನು ವರ್ಷಗಟ್ಟಲೆ ಉಜ್ಜುತ್ತದೆ. ನಡುವಿನ ಗ್ರೀಸು ಹೊರಕ್ಕೆ ಹಿಂಡಿಹೋಗುತ್ತದೆ. ರಸ್ತೆಯ ಹೊಂಡಗಳ ಪೆಟ್ಟೂ ಅಲ್ಲಿಯೇ ಬೀಳುತ್ತದೆ. ಹೀಗೆ ಸಾಲು ಸಾಲಾಗಿ ಸಣ್ಣ ಕುಳಿಗಳು ಮೂಡುತ್ತವೆ. ಉಕ್ಕಿನ ಗುಂಡನ್ನು ಒತ್ತಿ, ಉಳಿದ ಗುರುತನ್ನು ಅಳೆದು ಲೋಹದ ಗಡಸುತನವನ್ನು ತಿಳಿಯುವ ವಿಧಾನವನ್ನು 1900 ರಲ್ಲಿ ಸ್ವೀಡನ್ನಿನ ಬ್ರಿನೆಲ್ ಎಂಬ ಎಂಜಿನಿಯರು ಜಗತ್ತಿಗೆ ತೋರಿಸಿದನು. ನಮ್ಮ ಗಾಡಿಯ ಬಟ್ಟಲಿನಲ್ಲಿ ಆ ಪರೀಕ್ಷೆ ನಮಗರಿವಿಲ್ಲದೆಯೇ ನಡೆದುಹೋಗಿದ್ದಿತು.

ಇಷ್ಟು ಚಿಕ್ಕ ಕುಳಿಯಿಂದ ಏನಾದೀತು ಎಂದು ಕೇಳಬಹುದು. ಎರಡು ಚಕ್ರದ ವಾಹನವು ಸಾಗುವಾಗ ಸದಾ ಒಂದು ಪಕ್ಕಕ್ಕೆ ಬೀಳತೊಡಗುತ್ತದೆ. ಬೀಳುವ ಕಡೆಗೆ ಮುಂದಿನ ಚಕ್ರ ತುಸು ಹೊರಳಿ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಈ ತಿದ್ದುಪಡಿ ಎಡೆಬಿಡದೆ ನಡೆಯಬೇಕು. ಕುಳಿಯು ಹ್ಯಾಂಡಲನ್ನು ಹಿಡಿದಿಟ್ಟರೆ ತಿದ್ದುಪಡಿ ತಡವಾಗುತ್ತದೆ, ತಡವಾದುದು ಅತಿಯಾಗುತ್ತದೆ, ಗಾಡಿ ಹಾವಿನಂತೆ ಸಾಗುತ್ತದೆ. ಬೇರಿಂಗನ್ನು ಅತಿಯಾಗಿ ಬಿಗಿದರೂ ಇದೇ ಫಲ.

ಇನ್ನು ಬ್ರೇಕಿನ ವಿಷಯ. ಎರಡು ಬೇರಿಂಗುಗಳ ನಡುವಿನ ಅಂತರ ಸುಮಾರು ಒಂದು ಗೇಣು. ಕೆಳಗಿನ ಬೇರಿಂಗಿನಿಂದ ನೆಲಕ್ಕೆ ಸುಮಾರು ನಾಲ್ಕು ಗೇಣು. ಬ್ರೇಕು ಹಿಡಿದಾಗ ನೆಲವು ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಫೋರ್ಕು ಸನ್ನೆಕೋಲಾಗುತ್ತದೆ. ಸನ್ನೆಯ ನಿಯಮದಂತೆ ಲೆಕ್ಕ ಹಾಕಿದರೆ, ಆ ಬಲದ ಸುಮಾರು ನಾಲ್ಕು ಪಟ್ಟು ಮೇಲಿನ ಬೇರಿಂಗಿನ ಮೇಲೂ ಐದು ಪಟ್ಟು ಕೆಳಗಿನದರ ಮೇಲೂ ಬೀಳುತ್ತದೆ. ಹೆಚ್ಚು ಶಕ್ತಿಯುಳ್ಳ ಬ್ರೇಕನ್ನು ಹಾಕಿ ಸವೆದ ಬೇರಿಂಗನ್ನು ಹಾಗೆಯೇ ಉಳಿಸುವುದು ಎಷ್ಟು ಅವಿವೇಕವೆಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ಗುಂಡುಗಳ ಬದಲು ಮೊನಚುಗೊಂಡ ಉರುಳೆಗಳ ಬೇರಿಂಗನ್ನು ಆರಿಸಿದೆವು. ಅಮೆರಿಕದ ಹೆನ್ರಿ ಟಿಮ್ಕೆನ್ 1898 ರಲ್ಲಿ ಇಂಥ ಬೇರಿಂಗಿಗೆ ಪೇಟೆಂಟು ಪಡೆದನು. ಮೇಜಿನ ಮೇಲೆ ಒಂದು ಗೋಲಿಯನ್ನೂ ಒಂದು ದುಂಡು ಪೆನ್ಸಿಲನ್ನೂ ಇಟ್ಟು ನೋಡಿರಿ. ಗೋಲಿ ಮೇಜನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತದೆ, ಪೆನ್ಸಿಲು ಒಂದು ಗೆರೆಯುದ್ದಕ್ಕೂ ಮುಟ್ಟುತ್ತದೆ. ಭಾರವು ಗೆರೆಯ ಮೇಲೆ ಹರಡಿದಾಗ ಒತ್ತಡ ತಗ್ಗುತ್ತದೆ, ಕುಳಿಯೂ ಬೇಗನೆ ಬೀಳದು. ಉರುಳೆಗಳು ಓರೆಯಾಗಿರುವುದರಿಂದ ಮೇಲಿನಿಂದ ಬರುವ ಭಾರವನ್ನೂ ಪಕ್ಕದಿಂದ ಬರುವ ನೂಕನ್ನೂ ಒಟ್ಟಿಗೆ ತಾಳಬಲ್ಲವು.

ಬೇರೆ ಗಾಡಿಯ ಫೋರ್ಕಿಗೆ ನಮ್ಮ ಗಾಡಿಯ ಬೇರಿಂಗು ಹೊಂದುವುದೆಂಬ ಭರವಸೆಯಿಲ್ಲ. ಹೊರಬಳೆಯು ಚೌಕಟ್ಟಿನ ಕೊಳವೆಗೆ ಹೊಂದಬೇಕು, ಒಳಬಳೆಯು ಹೊಸ ಕಂಬಕ್ಕೆ ಹೊಂದಬೇಕು, ಕಂಬದ ಉದ್ದವೂ ಸರಿಯಾಗಿರಬೇಕು. ಮೂರನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆದ ಬಳಿಕವೇ ಅಂಗಡಿಗೆ ಹೋದೆವು. ಫೋರ್ಕಿನ ಉದ್ದವನ್ನೂ ಹಳೆಯದರೊಡನೆ ಹೋಲಿಸಿದೆವು. ಅದು ಗಿಡ್ಡವಾದರೆ ಕೊಳವೆಯ ಓರೆ ಕಡಿಮೆಯಾಗಿ ಗಾಡಿ ಚಂಚಲವಾಗುತ್ತದೆ. ನೋಂದಣಿಯ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು 1988 ರ ಮೋಟಾರು ವಾಹನ ಕಾಯ್ದೆಯ 52 ನೆಯ ವಿಧಿ ನಿರ್ಬಂಧಿಸುವುದರಿಂದ, ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಹೊರಬಳೆಗಳನ್ನು ಕೂರಿಸುವಾಗ ಮೆಕ್ಯಾನಿಕ್ಕರು ಮಾಡಿದ ಉಪಾಯ ನಮಗೆ ಬಹಳ ಮೆಚ್ಚಿಕೆಯಾಯಿತು. ಹಿಂದಿನ ರಾತ್ರಿಯೇ ಅವನ್ನು ಫ್ರೀಜರಿನಲ್ಲಿ ಇರಿಸಿದ್ದರು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ತಣಿದರೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಕುಗ್ಗುತ್ತದೆ. 50 ಮಿಲಿಮೀಟರ್ ಅಗಲದ ಬಳೆ 28 ಡಿಗ್ರಿಯಿಂದ ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ ಇಳಿದರೆ ಕುಗ್ಗುವುದು ಸುಮಾರು 0.028 ಮಿಲಿಮೀಟರ್, ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದರೂ ಅಷ್ಟರಿಂದಲೇ ಬಳೆ ಸಲೀಸಾಗಿ ಒಳಹೋಯಿತು. ಓರೆಯಾಗದಂತೆ ಅದರ ಮೇಲೆ ಹಳೆಯ ಬಳೆಯನ್ನಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿದರು. ಅನಂತರ ಉರುಳೆಗಳ ಸಂದುಗಳಲ್ಲೆಲ್ಲ ಗ್ರೀಸು ತುಂಬಿ, ನಟ್ಟನ್ನು ಬಿಗಿದು, ಹ್ಯಾಂಡಲನ್ನು ಎರಡು ಕೊನೆಗಳಿಗೂ ಹಲವು ಸಲ ತಿರುಗಿಸಿ, ಬಳೆಗಳು ನೆಲೆಗೊಂಡ ಮೇಲೆ ನಟ್ಟನ್ನು ತುಸು ಸಡಿಲಿಸಿದರು.

ಬಿಗಿ ಸರಿಯಾಗಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭವಾದುದು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಫೋರ್ಕಿನ ಕೆಳತುದಿಯನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ. ಕಟಕಟ ಎಂದರೆ ಸಡಿಲ. ಹ್ಯಾಂಡಲನ್ನು ನಡುವಿನಿಂದ ಬೆರಳಿನಿಂದ ನೂಕಿರಿ; ತನ್ನ ಭಾರದಿಂದಲೇ ಎರಡು ಪಕ್ಕಕ್ಕೂ ಬೀಳದಿದ್ದರೆ ಅತಿ ಬಿಗಿ. ನಡುವೆ ಎಲ್ಲಿಯಾದರೂ ತಡೆದರೆ ಕುಳಿ ಬಿದ್ದಿದೆಯೆಂದು ತಿಳಿಯಬೇಕು.

ಮರುದಿನ ಅದೇ ರಸ್ತೆಯಲ್ಲಿ ಹೋದೆವು. ಹ್ಯಾಂಡಲು ಎಲ್ಲಿಯೂ ತಡೆಯಲಿಲ್ಲ. ನೂರು ಕಿಲೋಮೀಟರಿನಷ್ಟು ಓಡಿಸಿ ಮತ್ತೊಮ್ಮೆ ಬಿಗಿಯನ್ನು ನೋಡಿಸಿದೆವು. ಹೊಸ ಬಳೆಗಳು ಇನ್ನೂ ಕೊಂಚ ನೆಲೆಗೊಳ್ಳುವುದರಿಂದ ಇದು ಅವಶ್ಯ. ಸೈಕಲ್ಲಿನ ಕೊರಳಿನಲ್ಲಿಯೂ ಇಂಥವೇ ಗುಂಡುಗಳಿವೆ. ಮೇಲೆ ಹೇಳಿದ ಪರೀಕ್ಷೆಯನ್ನು ನಾಳೆ ಕಾಲೇಜಿಗೆ ಹೊರಡುವ ಮೊದಲು ನಿಮ್ಮ ಸೈಕಲ್ಲಿನ ಮೇಲೆಯೇ ಮಾಡಿ ನೋಡಬಹುದು.